ಪಂಪಿನ ಮನೆಯಲ್ಲಿ ಕಲಿತ ಕಿವಿ

ಸಂಪಾಜೆಯವರಿಗೂ ಎಸಿ ಬೇಕಾ ಎಂದು ಮಡಿಕೇರಿಯ ಗೆಳೆಯರು ನಗುತ್ತಾರೆ. ಘಾಟಿ ಹತ್ತಿದವರಿಗೆ ಚಳಿ, ಸರಿ. ಘಾಟಿಯ ಬುಡದಲ್ಲಿರುವ ನಮಗೆ ಮಾರ್ಚ್ ಬಂತೆಂದರೆ ಎಲೆ ಅಲುಗುವಷ್ಟೂ ಗಾಳಿ ಇಲ್ಲ. ಸುತ್ತ ಗುಡ್ಡ, ಕೆಳಗೆ ಪಯಸ್ವಿನಿ, ನಡುವೆ ನಾವು ಬೆವರುತ್ತಾ ಕೂತಿರುತ್ತೇವೆ.

ಕಳೆದ ಬೇಸಿಗೆಯಲ್ಲಿ ಕಲ್ಲುಗುಂಡಿಯ ಪರಿಚಿತರ ಕಂಪ್ಯೂಟರ್ ಅಂಗಡಿಯ ಎಸಿ ಕೈಕೊಟ್ಟಿತು. ಒಳಗಿನ ಫ್ಯಾನ್ ತಿರುಗುತ್ತಿತ್ತು. ಹೊರಗಿನ ಪೆಟ್ಟಿಗೆ ಮಾತ್ರ ಗುಂಯ್ ಎಂದು ಕೆಲವು ಸೆಕೆಂಡು ಗುನುಗಿ, ಟಕ್ ಎಂದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್, ಮತ್ತೆ ಟಕ್. ಪೇಟೆಯಿಂದ ಬಂದ ಮೆಕ್ಯಾನಿಕ್ ಗ್ಯಾಸ್ ಹೋಗಿದೆ ಎಂದರು, ತುಂಬಿಸಿದರು, ದುಡ್ಡು ತೆಗೆದುಕೊಂಡು ಹೋದರು. ಮೂರನೇ ದಿನ ಸಂಜೆ ಅದೇ ರಾಗ. ಆಗ ಜಗಲಿಯಲ್ಲಿ ಕೂತಿದ್ದ, ಪಂಪಿನ ಮೋಟರಿಗೆ ವೈಂಡಿಂಗ್ ಮಾಡುವ ಅಣ್ಣ ಹೇಳಿದರು, "ಇದು ಗ್ಯಾಸಿನ ಸ್ವರ ಅಲ್ಲ ಮಾರಾಯ್ರೆ. ಕರೆಂಟು ಸಾಕಾಗುದಿಲ್ಲ ಅದಕ್ಕೆ. ರಾತ್ರಿ ಹನ್ನೊಂದು ಗಂಟೆಗೆ ಹಾಕಿ ನೋಡಿ." ಹನ್ನೊಂದಕ್ಕೆ ಹಾಕಿದರೆ ಸಲೀಸಾಗಿ ಓಡಿತು.

ಅವರು ಒಂದು ದಿನವೂ ಎಸಿ ಬಿಚ್ಚಿದವರಲ್ಲ. ಆ ಕಿವಿ ತಯಾರಾದದ್ದು ಅಡಿಕೆ ತೋಟದಲ್ಲಿ.

ನಮ್ಮ ಅಜ್ಜಂದಿರ ಕಾಲದ ತೋಟದಲ್ಲಿ ಯಂತ್ರದ ಸದ್ದೇ ಇರಲಿಲ್ಲ. ಹೊಳೆಗೆ ಕಟ್ಟ ಕಟ್ಟಿ, ಏತದಲ್ಲಿ ಎತ್ತಿ, ದಂಬೆಯಲ್ಲಿ ಹರಿಸಿದ ನೀರನ್ನು ಹಾಳೆಯಲ್ಲಿ ಎರಚುತ್ತಿದ್ದರು. ಆಮೇಲೆ ಡೀಸೆಲ್ ಎಂಜಿನ್ ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಹೆಸರು ಕರ್ನಾಟಕದ ರೈತರ ಬಾಯಲ್ಲಿ ಎಂಜಿನ್ನಿಗೆ, ಪಂಪಿಗೆ ಇನ್ನೊಂದು ಹೆಸರೇ ಆಯಿತು. ಎಂಜಿನ್ನಿನ ಡುಗುಡುಗು ಒಂದು ಹೊಡೆತ ತಪ್ಪಿದರೆ ಮನೆಯಲ್ಲಿ ಉಣ್ಣುತ್ತಿದ್ದವರಿಗೆ ತಿಳಿಯುತ್ತಿತ್ತು. ಫುಟ್‌ವಾಲ್ವ್ ಗಾಳಿ ಎಳೆದರೆ ಪೈಪಿನಲ್ಲಿ ಗೊಳಗೊಳ. ಬೇರಿಂಗ್ ಸವೆದರೆ ಕಿರುಚಾಟ.

ನಿಜವಾದ ಭಯ ಬಂದದ್ದು ತ್ರೀಫೇಸ್ ಮೋಟರಿನ ಜೊತೆಗೆ. ಮೂರರಲ್ಲಿ ಒಂದು ಫೇಸ್ ಹೋದ ಹೊತ್ತಿಗೆ ಸ್ವಿಚ್ ಹಾಕಿದರೆ ಮೋಟರು ತಿರುಗುವುದಿಲ್ಲ, ಗುಂಯ್ ಎನ್ನುತ್ತದೆ. ಆ ಸದ್ದು ಕೇಳಿದವರು ಕೈಯಲ್ಲಿದ್ದುದನ್ನು ಬಿಸಾಡಿ ಓಡಬೇಕು. ಓಡದಿದ್ದರೆ ಸ್ವಲ್ಪ ಹೊತ್ತಿನಲ್ಲೇ ವೈಂಡಿಂಗ್ ಸುಟ್ಟ ವಾಸನೆ. ಬೇಸಿಗೆಯ ನಡುವೆ ಮೋಟರು ಸುಟ್ಟರೆ ತೋಟ ಒಣಗುವುದನ್ನು ನೋಡುತ್ತಾ ಕೂರಬೇಕು. ಮಕ್ಕಳಿಗೂ ಆ ಸದ್ದಿನ ಗುರುತಿತ್ತು. ಬೇರಿಂಗಿನ ಮೇಲೆ ಸ್ಕ್ರೂಡ್ರೈವರ್ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳುವ ವಿದ್ಯೆಯೂ ಪಂಪಿನ ಮನೆಯದ್ದೇ. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದ ಸುರುಳಿ ಸುತ್ತಿ ರೋಗಿಯ ಎದೆ ಕೇಳಿದ್ದೇ ಸ್ಟೆತಸ್ಕೋಪಿನ ಮೊದಲು. ನಮ್ಮವರ ಸ್ಟೆತಸ್ಕೋಪಿಗೆ ಮರದ ಹಿಡಿ, ಅಷ್ಟೇ ವ್ಯತ್ಯಾಸ.

ಅಂಗಡಿಯ ಎಸಿಗೆ ಬರೋಣ. ಹಳೆಯ ಮಾದರಿಯ ಕಂಪ್ರೆಸರ್ ಹೊರಡುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 170 ಇದ್ದರೆ ಅದರ ತಿರುಗುವ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ತಿರುಗಲಾಗದೆ ಗುನುಗುತ್ತದೆ, ಬಿಸಿಯಾಗುತ್ತದೆ, ಸುಡುವ ಮೊದಲೇ ಓವರ್‌ಲೋಡ್ ಟಕ್ ಎಂದು ಸಂಪರ್ಕ ಕಡಿಯುತ್ತದೆ. ತೋಟಕ್ಕೆ ನೀರು ಬೇಕಾದ ತಿಂಗಳುಗಳೂ ಎಸಿ ಬೇಕಾದ ತಿಂಗಳುಗಳೂ ಒಂದೇ. ಅದೇ ಲೈನಿನಲ್ಲಿ ಹತ್ತಾರು ಪಂಪು ಓಡುವಾಗ ಅಂಗಡಿಯ ಬಲ್ಬು ಮಂಕಾಗುತ್ತದೆ, ಎಸಿ ಗುನುಗುತ್ತದೆ. ಪಂಪು ನಿಂತ ಮೇಲೆ ಎರಡೂ ಸರಿ. ವೋಲ್ಟೇಜ್ ಪೂರ್ತಿ ಇದ್ದೂ ಗುನುಗಿದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಕರೆಂಟು ಹೋಗಿ ಕ್ಷಣದಲ್ಲೇ ಬಂದಾಗಲೂ ಗುನುಗುವುದುಂಟು. ಒಳಗಿನ ಒತ್ತಡ ಸಮ ಆಗಲು ಮೂರು ನಿಮಿಷ ಬಿಡಬೇಕು. ಗ್ಯಾಸ್ ಕಡಿಮೆಯಾದ ಎಸಿ ಸಾಮಾನ್ಯವಾಗಿ ಹೀಗೆ ಹೊರಡಲಾಗದೆ ನರಳುವುದಿಲ್ಲ. ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಕೋಣೆ ತಣಿಯುವುದಿಲ್ಲ, ಪೈಪಿನ ಮೇಲೆ ಮಂಜು ಕಟ್ಟುತ್ತದೆ. ಈ ವ್ಯತ್ಯಾಸ ಗೊತ್ತಿದ್ದರೆ ನಮ್ಮ ಪರಿಚಿತರ ದುಡ್ಡು ಉಳಿಯುತ್ತಿತ್ತು.

ಹೊರಗಿನ ಪೆಟ್ಟಿಗೆ ಗಡಗಡ ಎಂದರೆ ಬಹುಪಾಲು ಸ್ಕ್ರೂ ಸಡಿಲ. 2022ರ ಜೂನ್ ಕೊನೆಯಲ್ಲಿ ಇಲ್ಲೂ ಚೆಂಬಿನಲ್ಲೂ ಭೂಮಿ ಸದ್ದು ಮಾಡಿ ಕಂಪಿಸಿದ ಮೇಲೆ, ಕೆಲವು ದಿನ ಅಂಥ ಗಡಗಡಕ್ಕೂ ನಾವು ಅಂಗಳಕ್ಕೆ ಇಳಿದದ್ದುಂಟು.

ಇನ್ನು ಹಿಸ್ ಎಂಬ ಸದ್ದು. ಅದಕ್ಕೊಂದು ದೊಡ್ಡ ಚರಿತ್ರೆಯೇ ಇದೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ಮೊದಲ ಆಧುನಿಕ ಎಸಿಯನ್ನು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯಕ್ಕೆ. ಸೆಕೆಗಾಗಿ ಅಲ್ಲ, ತೇವಕ್ಕೆ ಕಾಗದ ಹಿಗ್ಗಿ ಬಣ್ಣ ಕೂಡದೆ ಹೋಗುತ್ತಿತ್ತು ಎಂಬುದಕ್ಕಾಗಿ. (ಜುಲೈಯಲ್ಲಿ ಹಪ್ಪಳ ಮೆತ್ತಗಾಗುವ ಊರಿನ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಆ ಕಾಲದ ತಂಪು ಯಂತ್ರಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್‌ನಂಥ ವಿಷ ಇರುತ್ತಿತ್ತು. ಹಿಸ್ ಎಂದರೆ ಜೀವ ಉಳಿಸಿಕೊಂಡು ಓಡಬೇಕು. 1930ರ ಸುಮಾರಿಗೆ ಫ್ರಿಯಾನ್ ಬಂದ ಮೇಲೆ ಹಿಸ್ ಎಂದರೆ ಬರೀ ದುಡ್ಡಿನ ನಷ್ಟ. ಅದು ಓಜೋನ್ ಪದರವನ್ನು ತಿನ್ನುತ್ತದೆ ಎಂದು ತಿಳಿದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು. ಈಗಿನ ಮನೆ ಎಸಿಗಳಲ್ಲಿ ಹೆಚ್ಚಾಗಿ ಇರುವ ಆರ್-32 ಓಜೋನಿಗೆ ತೊಂದರೆ ಕೊಡುವುದಿಲ್ಲ, ಆದರೆ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣ ಅದಕ್ಕಿದೆ. ಎಸಿ ನಿಲ್ಲಿಸಿದ ಕೂಡಲೇ ಸಣ್ಣಗೆ ಹಿಸ್ ಎನ್ನುವುದು ಸಹಜ. ಬಿಡದೆ ಹಿಸ್ ಎನ್ನುತ್ತಿದ್ದರೆ ಆಫ್ ಮಾಡಿ, ಕಿಟಕಿ ತೆರೆದು, ಬೆಂಕಿ ದೂರ ಇಡಬೇಕು. ಅಜ್ಜನ ಕಾಲದ ಭಯ ಸಣ್ಣದಾಗಿ ಮತ್ತೆ ಮರಳಿದೆ.

ಆ ಅಂಗಡಿಗೆ ಈ ವರ್ಷ ಇನ್ವರ್ಟರ್ ಎಸಿ ಬಂದಿದೆ. ಅದು ಮೆಲ್ಲಗೆ ಹೊರಟು ಮೆಲ್ಲಗೆ ವೇಗ ಹೆಚ್ಚಿಸುವುದರಿಂದ ಹೊರಡುವಾಗಿನ ಆ ನರಳಾಟ ಇಲ್ಲ. ಮೊನ್ನೆ ಅದೂ ನಿಂತಿತು. ಗುಂಯ್ ಇಲ್ಲ, ಟಕ್ ಇಲ್ಲ, ಫಲಕದಲ್ಲಿ ಒಂದು ಅಕ್ಷರ, ಒಂದು ಅಂಕಿ ಮಿನುಗುತ್ತಿತ್ತು. ವೈಂಡಿಂಗ್ ಅಣ್ಣ ಬಂದು, ಹೊರಗಿನ ಪೆಟ್ಟಿಗೆಗೆ ಕಿವಿ ಕೊಟ್ಟು, ತಲೆ ಅಲ್ಲಾಡಿಸಿದರು. "ಇದು ಮಾತಾಡುದೇ ಇಲ್ಲ." ಮರುದಿನ ಮೆಕ್ಯಾನಿಕ್ ಬಿಚ್ಚಿದಾಗ ಸರ್ಕ್ಯೂಟ್ ಬೋರ್ಡಿನ ಮೇಲೆ ಒಂದು ಹಲ್ಲಿ ಸುಟ್ಟು ಅಂಟಿಕೊಂಡಿತ್ತು.