ಸಾಧು ಶಾರ್ಕುಗಳ ಕಥೆ

ಶಾರ್ಕ್ ಎಂದೊಡನೆ ಕಣ್ಣಿಗೆ ಕಟ್ಟುವುದು ಗರಗಸದಂಥ ಹಲ್ಲು, ನೆತ್ತರು ಬೆರೆತ ನೀರು. ಆದರೆ ಈ ಕುಲದ ಅತಿ ದೊಡ್ಡ ಎರಡು ಮೀನುಗಳು ಮನುಷ್ಯರ ತಂಟೆಗೆ ಬರುವಂಥವಲ್ಲ. ಒಂದು, ತಣ್ಣನೆಯ ಸಮುದ್ರಗಳ ಬಾಸ್ಕಿಂಗ್ ಶಾರ್ಕ್; ಇನ್ನೊಂದು, ನಮ್ಮ ಅರಬ್ಬೀ ಸಮುದ್ರದಲ್ಲೂ ಕಾಣುವ ತಿಮಿಂಗಿಲ ಶಾರ್ಕ್. ಹೆಸರಿನಲ್ಲಿ ತಿಮಿಂಗಿಲವಿದ್ದರೂ ಇದು ಮೀನೇ.

ಬಾಸ್ಕಿಂಗ್ ಶಾರ್ಕ್ ಬಾಯಿ ಅಗಲಿಸಿಕೊಂಡು ನಿಧಾನವಾಗಿ ಈಜುತ್ತದೆ. ಒಳಹೊಕ್ಕ ನೀರು ಕಿವಿರುಗಳಿಂದ ಹೊರಹೋಗುವಾಗ ಅಲ್ಲಿನ ಬಾಚಣಿಗೆಯಂಥ ಎಳೆಗಳಲ್ಲಿ ಸೂಕ್ಷ್ಮ ಜೀವಿಗಳಾದ ಪ್ಲವಕಗಳು ಉಳಿಯುತ್ತವೆ. ಅದೇ ಅದರ ಊಟ. ಬಿಸಿಲು ಕಾಯಿಸುವಂತೆ ನೀರಿನ ಮೇಲ್ಮೈಯಲ್ಲಿ ತೇಲುವುದರಿಂದ ಈ ಹೆಸರು ಬಂದಿದೆ. ಚಳಿಗಾಲದಲ್ಲಿ ಅದು ಕಣ್ಮರೆಯಾಗುವುದನ್ನು ಕಂಡು, ಕಡಲತಳದಲ್ಲಿ ನಿದ್ರಿಸುತ್ತಿರಬಹುದೆಂದು ವಿಜ್ಞಾನಿಗಳು ಊಹಿಸಿದ್ದರು. 2009ರಲ್ಲಿ ಪ್ರಕಟವಾದ ಉಪಗ್ರಹ ಅಧ್ಯಯನವು ಬೇರೆಯದನ್ನೇ ತೋರಿಸಿತು. ಅಮೆರಿಕದ ಈಶಾನ್ಯ ಕರಾವಳಿಯ ಕೆಲವು ಮೀನುಗಳು ಆಳದ ತಣ್ಣೀರಿನಲ್ಲಿ ಸಾಗಿ ದಕ್ಷಿಣ ಅಮೆರಿಕದವರೆಗೆ ಹೋಗಿದ್ದವು.

ಸಾಧುತನವೇ ಇದಕ್ಕೆ ಮುಳುವಾಯಿತು. ಐರ್ಲೆಂಡಿನ ಅಕಿಲ್ ದ್ವೀಪದಲ್ಲಿ 1947ರಿಂದ 1975ರವರೆಗೆ 12 ಸಾವಿರಕ್ಕೂ ಹೆಚ್ಚು ಮೀನುಗಳನ್ನು ಕೊಂದರು. ಬೇಕಾಗಿದ್ದುದು ಮುಖ್ಯವಾಗಿ ಯಕೃತ್ತಿನ ಎಣ್ಣೆ.

ನಮ್ಮ ತಿಮಿಂಗಿಲ ಶಾರ್ಕಿನ ಕಥೆಯೂ ಹೆಚ್ಚು ಭಿನ್ನವಲ್ಲ. ಮಳೆಗಾಲದಲ್ಲಿ ಕರ್ನಾಟಕದ ಕರಾವಳಿಯಲ್ಲಿ ತಳದ ಪೋಷಕಾಂಶಭರಿತ ನೀರು ಮೇಲೇಳುತ್ತದೆ. ಪ್ಲವಕ ಹುಲುಸಾಗಿ ಬೆಳೆಯುತ್ತದೆ. ಗೇಣುದ್ದದ ಬೂತಾಯಿ ತಿನ್ನುವುದೂ ಪ್ಲವಕವನ್ನೇ, ಬಸ್ಸಿಗಿಂತ ಉದ್ದ ಬೆಳೆಯಬಲ್ಲ ಈ ಶಾರ್ಕ್ ಸೋಸುವುದೂ ಅದನ್ನೇ. ಹಾಗಾಗಿ ಮೀನುಗಾರರ ಬಲೆಗೆ ಇದು ಆಗಾಗ ಸಿಕ್ಕಿಬೀಳುತ್ತದೆ.

ಹಿಂದೆ ಸೌರಾಷ್ಟ್ರದ ಮೀನುಗಾರರು ದೋಣಿಗೆ ನೀರು ಇಳಿಯದಂತೆ ಇದರ ಎಣ್ಣೆ ಬಳಿಯುತ್ತಿದ್ದರು. 1990ರ ದಶಕದಲ್ಲಿ ಮಾಂಸದ ರಫ್ತು ಆರಂಭವಾದಾಗ ಬೇಟೆ ವ್ಯಾಪಾರವಾಯಿತು. ಮೈಕ್ ಪಾಂಡೆಯವರ ಸಾಕ್ಷ್ಯಚಿತ್ರ ಈ ಕ್ರೌರ್ಯವನ್ನು ಜಗತ್ತಿನ ಮುಂದಿಟ್ಟಿತು. 2001ರ ಮೇ ತಿಂಗಳಿನಲ್ಲಿ ಕೇಂದ್ರ ಸರಕಾರ ಇದನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿತು.

ರಕ್ಷಣೆ ಏಕೆ ಬೇಕು? ಬೂತಾಯಿ ಸುಮಾರು ವರ್ಷದೊಳಗೆ ಸಂತಾನಕ್ಕೆ ಸಿದ್ಧವಾದರೆ, ಈ ಮೀನಿಗೆ ದಶಕಗಳೇ ಬೇಕು. ಕೊಂದದ್ದನ್ನು ಸಮುದ್ರ ಬೇಗನೆ ತುಂಬಿಕೊಡಲಾರದು.

ಆದರೆ ಕಾಯಿದೆಯೊಂದೇ ಸಾಲದು. ಸಿಕ್ಕಿಬಿದ್ದ ಮೀನನ್ನು ಬಿಡಿಸಲು ಮೀನುಗಾರ ತನ್ನ ಬಲೆಯನ್ನೇ ಕತ್ತರಿಸಬೇಕು. ಗುಜರಾತಿನಲ್ಲಿ ಹೀಗೆ ಹಾಳಾದ ಬಲೆಗೆ ಪರಿಹಾರ ನೀಡುವ ಕ್ರಮ ಜಾರಿಗೆ ಬಂದ ಮೇಲೆ ನೂರಾರು ಶಾರ್ಕುಗಳು ಜೀವಂತವಾಗಿ ಕಡಲಿಗೆ ಮರಳಿದವು. ದೊಡ್ಡ ಮೀನನ್ನು ಉಳಿಸುವ ಹೊರೆ ಬಡ ಮೀನುಗಾರನೊಬ್ಬನ ಹೆಗಲ ಮೇಲೆಯೇ ಬೀಳಬಾರದು ಎಂಬುದು ಅಲ್ಲಿನ ಪಾಠ.