ಜತ್ತಿಯವರ ಐದೂವರೆ ತಿಂಗಳು

1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ತುರ್ತು ಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು. ಲೋಕಸಭೆ ಚುನಾವಣೆಗೆ ತಿಂಗಳೊಂದು ಉಳಿದಿತ್ತು. ಅಂದೇ ಹಂಗಾಮಿ ರಾಷ್ಟ್ರಪತಿಯಾಗಿ ಅಧಿಕಾರ ವಹಿಸಿಕೊಂಡವರು ಉಪರಾಷ್ಟ್ರಪತಿ ಬಸಪ್ಪ ದಾನಪ್ಪ ಜತ್ತಿ. ಜಮಖಂಡಿ ತಾಲ್ಲೂಕಿನ ಸಾವಳಗಿಯವರು. ಜಮಖಂಡಿಯಲ್ಲಿ ವಕೀಲಿ ವೃತ್ತಿ ಮಾಡಿ, ಆ ಪುಟ್ಟ ಸಂಸ್ಥಾನದ ಪ್ರಧಾನಿಯಾಗಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ಮುಂದೆ ಪಾಂಡಿಚೇರಿಯ ಉಪರಾಜ್ಯಪಾಲರೂ ಒರಿಸ್ಸಾದ ರಾಜ್ಯಪಾಲರೂ ಆಗಿ ದೆಹಲಿ ತಲುಪಿದ್ದವರು.

ಹಂಗಾಮಿ ಎಂದ ಮಾತ್ರಕ್ಕೆ ಅಧಿಕಾರ ಅರ್ಧ ಎಂದಲ್ಲ. ಸಂವಿಧಾನದ 65ನೇ ವಿಧಿ ರಾಷ್ಟ್ರಪತಿಯ ಎಲ್ಲ ಅಧಿಕಾರಗಳನ್ನೂ ಆ ಸ್ಥಾನದಲ್ಲಿರುವ ಉಪರಾಷ್ಟ್ರಪತಿಗೆ ಕೊಡುತ್ತದೆ. ಮಿತಿ ಇರುವುದು ಕಾಲದಲ್ಲಿ. 1963ರಲ್ಲಿ ಕೆನಡಿ ಹತ್ಯೆಯಾದಾಗ ಅಮೆರಿಕದ ಉಪಾಧ್ಯಕ್ಷ ಲಿಂಡನ್ ಜಾನ್ಸನ್ ಉಳಿದ ಅವಧಿಗೆಲ್ಲ ತಾವೇ ಅಧ್ಯಕ್ಷರಾದರು. ನಮ್ಮಲ್ಲಿ ಹಾಗಿಲ್ಲ. ಸ್ಥಾನ ತೆರವಾದ ಆರು ತಿಂಗಳೊಳಗೆ ಹೊಸ ರಾಷ್ಟ್ರಪತಿಯನ್ನು ಆರಿಸಲೇಬೇಕು.

ಈ ಆರು ತಿಂಗಳಲ್ಲಿ ಏನೆಲ್ಲ ಆಗಬಹುದು ಎಂಬುದನ್ನು ದೇಶ ಮೊದಲು ಕಂಡದ್ದು 1969ರಲ್ಲಿ. ಮೇ 3ರಂದು ಜಾಕಿರ್ ಹುಸೇನ್ ನಿಧನರಾದರು. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ ಮೊದಲ ರಾಷ್ಟ್ರಪತಿ ಅವರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾದರು. ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ ಸೇರಿತು. ಕಾಂಗ್ರೆಸ್ ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಅವರ ಬಣ ನೀಲಂ ಸಂಜೀವ ರೆಡ್ಡಿಯವರ ಹೆಸರನ್ನು ಮುಂದಿಟ್ಟಿತು, ಇಂದಿರಾ ಗಾಂಧಿ ಜಗಜೀವನ ರಾಮ್ ಪರ ನಿಂತರು. ಸಂಸದೀಯ ಮಂಡಳಿಯ ಮತದಲ್ಲಿ ಇಂದಿರಾ ಸೋತರು. ಅದೇ ವರ್ಷ ನವೆಂಬರ್‌ನಲ್ಲಿ ಕಾಂಗ್ರೆಸ್ ಇಬ್ಭಾಗವಾಯಿತು. ಆ ಬಿರುಕು ಎಲ್ಲರ ಕಣ್ಣಿಗೆ ಬಿದ್ದದ್ದು ಬೆಂಗಳೂರಿನಲ್ಲೇ.

ಗಿರಿ ಸ್ವತಂತ್ರ ಅಭ್ಯರ್ಥಿಯಾಗಿ ನಿಲ್ಲಲು ಹೊರಟರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಅಂಕಿತ ಹಾಕಿದರು. ಮರುದಿನ ರಾಜೀನಾಮೆ ಕೊಟ್ಟರು. ಆ ಹದಿನಾಲ್ಕರಲ್ಲಿ ದಕ್ಷಿಣ ಕನ್ನಡದಲ್ಲಿ ಹುಟ್ಟಿ ಬೆಳೆದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಕೂಡ ಇದ್ದವು. ದೇಶದ ಆರ್ಥಿಕ ದಿಕ್ಕನ್ನೇ ಬದಲಿಸಿದ ಆ ಕಾಗದದ ಮೇಲಿದ್ದದ್ದು, ನಾಳೆ ತಾನೇ ಹುರಿಯಾಳಾಗಲಿರುವ ಹಂಗಾಮಿ ರಾಷ್ಟ್ರಪತಿಯ ರುಜು. ಕಾನೂನಿನ ಪ್ರಕಾರ ತಪ್ಪಿಲ್ಲ. ಆದರೂ ಕಾವಲಿಗೆ ಕೂತವರು ಆ ಕುರ್ಚಿಗೇ ಸ್ಪರ್ಧಿಸುವುದು ಆ ಸ್ಥಾನಕ್ಕೆ ಒಪ್ಪುವಂಥದ್ದಲ್ಲ.

ಉಪರಾಷ್ಟ್ರಪತಿಯೂ ಇಲ್ಲದಿದ್ದರೆ ಮುಂದೇನು ಎಂದು ಸಂವಿಧಾನ ಹೇಳಿರಲಿಲ್ಲ. 70ನೇ ವಿಧಿ ಆ ಹೊಣೆಯನ್ನು ಸಂಸತ್ತಿಗೆ ಬಿಟ್ಟಿತ್ತು. ಆ ಮೇ ತಿಂಗಳಲ್ಲೇ ಸಂಸತ್ತು ಕಾಯ್ದೆಯೊಂದನ್ನು ಮಾಡಿ, ಅಂಥ ಹೊತ್ತಿನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಅವರೂ ಇಲ್ಲದಿದ್ದರೆ ಅಲ್ಲಿನ ಹಿರಿಯ ನ್ಯಾಯಮೂರ್ತಿ ರಾಷ್ಟ್ರಪತಿಯ ಕೆಲಸ ನಿರ್ವಹಿಸಬೇಕೆಂದು ಗೊತ್ತುಮಾಡಿತ್ತು. ಹೀಗೆ ಜುಲೈ 20ರಿಂದ ಆಗಸ್ಟ್ 24ರವರೆಗೆ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ರಾಷ್ಟ್ರಪತಿ ಭವನದಲ್ಲಿದ್ದರು. ಅಮೆರಿಕದ ಅಧ್ಯಕ್ಷ ನಿಕ್ಸನ್ ದೆಹಲಿಗೆ ಬಂದಾಗ ದೇಶದ ಪರವಾಗಿ ಬರಮಾಡಿಕೊಂಡವರೂ ಅವರೇ. ಚುನಾವಣೆಯಲ್ಲಿ ಎರಡನೇ ಪ್ರಾಶಸ್ತ್ಯದ ಮತಗಳನ್ನು ಎಣಿಸಿದ ಮೇಲಷ್ಟೇ ಗಿರಿ ಗೆದ್ದರು: 4,20,077 ಮತಮೌಲ್ಯ; ರೆಡ್ಡಿಯವರಿಗೆ 4,05,427.

ಜತ್ತಿಯವರಿಗೆ ಇಂಥ ಹಂಬಲವಿರಲಿಲ್ಲ. ಅವರ ಪಾಲಿಗೆ ಬಂದ ಕಾಲವೇ ಕಷ್ಟದ್ದು. 1974ರಲ್ಲಿ ಕಾಂಗ್ರೆಸ್ಸಿನ ಬೆಂಬಲದಿಂದ ಉಪರಾಷ್ಟ್ರಪತಿಯಾದ ಅವರೇ 1977ರ ಮಾರ್ಚ್ 21ರಂದು ತುರ್ತು ಪರಿಸ್ಥಿತಿಯನ್ನು ಹಿಂತೆಗೆದುಕೊಳ್ಳುವ ಘೋಷಣೆ ಹೊರಡಿಸಿದರು. ಮೂರು ದಿನ ಕಳೆದು, ಚುನಾವಣೆ ಗೆದ್ದ ಜನತಾ ಪಕ್ಷದ ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಿಯಾಗಿ ಪ್ರಮಾಣ ವಚನ ಬೋಧಿಸಿದರು.

ನಿಜವಾದ ಇಕ್ಕಟ್ಟು ಬಂದದ್ದು ಏಪ್ರಿಲ್‌ನಲ್ಲಿ. ಲೋಕಸಭೆಯಲ್ಲಿ ಕಾಂಗ್ರೆಸ್ ನೆಲಕಚ್ಚಿದ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಜನತಾ ಸರ್ಕಾರ ಹಟ ಹಿಡಿಯಿತು. ಜನರ ವಿಶ್ವಾಸ ಕಳೆದುಕೊಂಡವರು ಆಳಬಾರದು ಎಂಬುದು ಗೃಹಸಚಿವ ಚರಣ್ ಸಿಂಗ್ ಅವರ ವಾದ. ಅದರ ಹಿಂದೆ ಇನ್ನೊಂದು ಲೆಕ್ಕವೂ ಇತ್ತು: ರಾಷ್ಟ್ರಪತಿಯನ್ನು ಆರಿಸುವವರಲ್ಲಿ ಶಾಸಕರೂ ಸೇರುತ್ತಾರೆ. ರಾಜಸ್ಥಾನ ಮೊದಲಾದ ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಅವುಗಳ ದಾವೆ ಬಿದ್ದುಹೋಯಿತು.

ಸಂಪುಟದ ಸಲಹೆ ಜತ್ತಿಯವರ ಮೇಜಿಗೆ ಬಂತು. ಅವರು ಕೂಡಲೇ ಸಹಿ ಹಾಕಲಿಲ್ಲ. ಸಂಪುಟದ ಒತ್ತಾಯ ಬಿಗಿಯಾದ ಮೇಲೆ ಏಪ್ರಿಲ್ 30ರಂದು ಹಾಕಿದರು. ಅದೇ ವರ್ಷ ಜನವರಿಯಲ್ಲಿ ಜಾರಿಗೆ ಬಂದಿದ್ದ 42ನೇ ತಿದ್ದುಪಡಿ, ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕು ಎಂದು ಖಚಿತವಾಗಿ ಬರೆದಿತ್ತು. ಹೀಗಿರುವಾಗ ತಡೆಹಿಡಿಯುವ ಹಕ್ಕು ಅವರಿಗೆ ಇರಲಿಲ್ಲ. ಆದರೆ ಒಂಬತ್ತು ಚುನಾಯಿತ ಸಭೆಗಳನ್ನು ಒಂದೇ ಏಟಿಗೆ ಬರಖಾಸ್ತು ಮಾಡುವ ಕಾಗದದ ಮುಂದೆ ಒಬ್ಬ ಮಾಜಿ ಮುಖ್ಯಮಂತ್ರಿ ತುಸು ತಡೆದು ಯೋಚಿಸಿದರೆ ಅದನ್ನು ದ್ರೋಹ ಎನ್ನಲಾಗದು. 1978ರ 44ನೇ ತಿದ್ದುಪಡಿ, ಸಲಹೆಯನ್ನು ಮರುಪರಿಶೀಲನೆಗೆ ಒಮ್ಮೆ ಹಿಂದಕ್ಕೆ ಕಳಿಸುವ ಅವಕಾಶವನ್ನು ರಾಷ್ಟ್ರಪತಿಗೆ ಕೊಟ್ಟಿತು. ಜತ್ತಿಯವರ ಕೈಯಲ್ಲಿ ಅದಿದ್ದಿದ್ದರೆ ಆ ಏಪ್ರಿಲ್‌ನ ಕಥೆ ಬೇರೆಯಾಗಬಹುದಿತ್ತು.

ಜುಲೈ 25ರಂದು, 1969ರಲ್ಲಿ ಸೋತಿದ್ದ ಸಂಜೀವ ರೆಡ್ಡಿಯವರೇ ಅವಿರೋಧವಾಗಿ ಆಯ್ಕೆಯಾಗಿ ರಾಷ್ಟ್ರಪತಿಯಾದರು. ಜತ್ತಿ ರಾಜ್ಯಸಭೆಯ ಸಭಾಪತಿ ಪೀಠಕ್ಕೆ ಮರಳಿ 1979ರ ಆಗಸ್ಟ್‌ವರೆಗೆ ಅಲ್ಲಿದ್ದರು. ಅವರ ನಂತರ ಉಪರಾಷ್ಟ್ರಪತಿಯಾದವರು ಅದೇ ಹಿದಾಯತುಲ್ಲಾ. 1982ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿ ಜೈಲ್ ಸಿಂಗ್ ಚಿಕಿತ್ಸೆಗೆ ಅಮೆರಿಕಕ್ಕೆ ಹೋದಾಗ ಅವರು ಮತ್ತೆ ರಾಷ್ಟ್ರಪತಿಯ ಕೆಲಸ ನೋಡಿಕೊಂಡರು.

1969ರ ಕಾಯ್ದೆ ಆಮೇಲೆ ಎಂದೂ ಬಳಕೆಗೆ ಬಂದಿಲ್ಲ. 2025ರ ಜುಲೈ 21ರಂದು ಉಪರಾಷ್ಟ್ರಪತಿ ಜಗದೀಪ್ ಧನಕರ್ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 12ರಂದು ಸಿ.ಪಿ. ರಾಧಾಕೃಷ್ಣನ್ ಅಧಿಕಾರ ಸ್ವೀಕರಿಸುವವರೆಗೆ ದೇಶಕ್ಕೆ ಉಪರಾಷ್ಟ್ರಪತಿಯೇ ಇರಲಿಲ್ಲ. ಆ ಏಳು ವಾರಗಳಲ್ಲಿ ರಾಷ್ಟ್ರಪತಿ ಸ್ಥಾನವೂ ತೆರವಾಗಿದ್ದರೆ, ಮುಖ್ಯ ನ್ಯಾಯಮೂರ್ತಿ ಮತ್ತೊಮ್ಮೆ ರಾಷ್ಟ್ರಪತಿ ಭವನಕ್ಕೆ ಹೋಗಬೇಕಾಗುತ್ತಿತ್ತು.