ಮೈಲೋಮೆನಿಂಗೋಸೀಲ್ ಶಿಶುವಿನ ಶುಶ್ರೂಷೆ

ಮೈಲೋಮೆನಿಂಗೋಸೀಲ್ ಎಂಬುದು ಬೆನ್ನುಹುರಿಯ ಜನ್ಮಜಾತ ದೋಷಗಳಲ್ಲಿ ಒಂದು. ಇದು ಸ್ಪೈನಾ ಬೈಫಿಡಾದ ತೀವ್ರ ರೂಪ. ಬೆನ್ನೆಲುಬಿನ ಕಶೇರುಗಳು ಹಿಂಭಾಗದಲ್ಲಿ ಕೂಡಿಕೊಳ್ಳದೆ ಉಳಿದು, ಬೆನ್ನುಹುರಿ, ನರಗಳು ಮತ್ತು ಅವುಗಳ ಪೊರೆಗಳು ದ್ರವ ತುಂಬಿದ ಚೀಲದಂತೆ ಹೊರಚಾಚಿರುತ್ತವೆ. ಶಸ್ತ್ರಚಿಕಿತ್ಸೆ ನಡೆಯುವವರೆಗೆ ಈ ಚೀಲವನ್ನು ಕಾಪಾಡುವುದು ಮುಖ್ಯವಾಗಿ ಶುಶ್ರೂಷಕರ ಹೊಣೆ. ನರಶಸ್ತ್ರಚಿಕಿತ್ಸಾ ಕೇಂದ್ರಗಳು ದೂರವಿರುವ ಉತ್ತರ ಕನ್ನಡದ ಕಾರವಾರ, ಅಂಕೋಲಾಗಳಂತಹ ಪ್ರದೇಶಗಳಲ್ಲಿ ಈ ಹೊಣೆ ಇನ್ನಷ್ಟು ಹೆಚ್ಚು.

ಕಾರಣ

ಗರ್ಭಧಾರಣೆಯ ನಂತರ ಸುಮಾರು 28 ದಿನಗಳೊಳಗೆ ಭ್ರೂಣದ ನರನಾಳ ಮುಚ್ಚಿಕೊಳ್ಳಬೇಕು. ಅದು ಪೂರ್ಣವಾಗಿ ಮುಚ್ಚದಿದ್ದಾಗ ಈ ದೋಷ ಉಂಟಾಗುತ್ತದೆ. ತಾಯಿಯಲ್ಲಿ ಫೋಲಿಕ್ ಆಮ್ಲದ ಕೊರತೆ, ಗರ್ಭಧಾರಣೆಗೆ ಮೊದಲೇ ಇದ್ದು ನಿಯಂತ್ರಣದಲ್ಲಿಲ್ಲದ ಮಧುಮೇಹ, ಅಪಸ್ಮಾರಕ್ಕೆ ನೀಡುವ ವಾಲ್ಪ್ರೊಯೇಟ್ ಔಷಧ ಹಾಗೂ ಹಿಂದಿನ ಮಗುವಿನಲ್ಲಿ ಇದೇ ದೋಷವಿದ್ದ ಇತಿಹಾಸ ಅಪಾಯವನ್ನು ಹೆಚ್ಚಿಸುತ್ತವೆ.

ಜನನದ ನಂತರದ ಮೊದಲ ಗಂಟೆಗಳು

ಚೀಲದ ಪೊರೆ ಬಹಳ ತೆಳುವಾಗಿರುತ್ತದೆ. ಅದು ಒಣಗಿದರೆ ಬಿರಿಯುತ್ತದೆ. ಬಿರಿದರೆ ಸೋಂಕು ಮಿದುಳಿನ ಪೊರೆಗಳನ್ನು ತಲುಪಿ ಮೆನಿಂಜೈಟಿಸ್ ಉಂಟಾಗಬಹುದು. ಆದ್ದರಿಂದ ಕೆಳಗಿನ ಕ್ರಮಗಳನ್ನು ಅನುಸರಿಸಲಾಗುತ್ತದೆ:

* ಶಿಶುವನ್ನು ಬೆನ್ನ ಮೇಲೆ ಮಲಗಿಸದೆ ಹೊಟ್ಟೆಯ ಮೇಲೆ ಅಥವಾ ಮಗ್ಗುಲಿಗೆ ಮಲಗಿಸುವುದು.
* ಚೀಲವನ್ನು ಅಂಟಿಕೊಳ್ಳದ, ಸೋಂಕುರಹಿತ, ಸಲೈನ್‌ನಲ್ಲಿ ನೆನೆಸಿದ ಪಟ್ಟಿಯಿಂದ ಮುಚ್ಚಿ, ಅದು ಒಣಗದಂತೆ ಆಗಾಗ ಬದಲಿಸುವುದು.
* ಮಲಮೂತ್ರ ತಾಗದಂತೆ ಚೀಲದ ಕೆಳಗೆ ಪ್ಲಾಸ್ಟಿಕ್ ಹಾಳೆಯನ್ನು ತಡೆಯಾಗಿ ಅಂಟಿಸುವುದು. ಚೀಲದ ಮೇಲೆ ಡಯಾಪರ್ ಕಟ್ಟದಿರುವುದು.
* ಲೇಟೆಕ್ಸ್ ಇಲ್ಲದ ಕೈಗವಸುಗಳನ್ನು ಬಳಸುವುದು. ಈ ಮಕ್ಕಳಲ್ಲಿ ಲೇಟೆಕ್ಸ್ ಅಲರ್ಜಿ ಹೆಚ್ಚಾಗಿ ಕಂಡುಬರುತ್ತದೆ.
* ಮೈ ತಣ್ಣಗಾಗದಂತೆ ನೋಡಿಕೊಳ್ಳುವುದು. ಜ್ವರವನ್ನು ಗುದದ್ವಾರದ ಬದಲು ಕಂಕುಳಲ್ಲಿ ಅಳೆಯುವುದು.
* ಕಾಲುಗಳ ಚಲನೆ, ಮೂತ್ರ ಸತತವಾಗಿ ಜಿನುಗುವಿಕೆ ಹಾಗೂ ಚೀಲದಿಂದ ದ್ರವ ಸೋರುವಿಕೆಯನ್ನು ದಾಖಲಿಸುವುದು.

ಅನೇಕ ಶಿಶುಗಳಲ್ಲಿ ಮಿದುಳಿನ ದ್ರವ ಶೇಖರವಾಗಿ ತಲೆ ಹಿಗ್ಗುತ್ತದೆ. ಇದನ್ನು ಜಲಶಿರಸ್ಕತೆ ಎನ್ನುತ್ತಾರೆ. ತಲೆಯ ಸುತ್ತಳತೆಯನ್ನು ಪ್ರತಿದಿನ ಒಂದೇ ಜಾಗದಲ್ಲಿ ಅಳೆಯಬೇಕು. ನೆತ್ತಿಯ ಮೃದು ಭಾಗ ಉಬ್ಬುವುದು, ಕೀರಲು ಅಳು, ವಾಂತಿ ಮತ್ತು ಉಸಿರಾಟದ ತಡೆ ಅಪಾಯದ ಸೂಚನೆಗಳು.

ಶಸ್ತ್ರಚಿಕಿತ್ಸೆ ಮತ್ತು ನಂತರದ ಆರೈಕೆ

ಸಾಮಾನ್ಯವಾಗಿ ಜನನದ ನಂತರ 24ರಿಂದ 72 ಗಂಟೆಗಳೊಳಗೆ ಚೀಲವನ್ನು ಮುಚ್ಚಲಾಗುತ್ತದೆ. ಈಗಾಗಲೇ ಹಾನಿಗೊಂಡ ನರಗಳ ಶಕ್ತಿಯನ್ನು ಇದು ಮರಳಿಸುವುದಿಲ್ಲ. ಸೋಂಕು ಮತ್ತು ಮುಂದಿನ ಹಾನಿಯನ್ನು ತಡೆಯುತ್ತದೆ. ಜಲಶಿರಸ್ಕತೆ ಇದ್ದರೆ ದ್ರವವನ್ನು ಹೊಟ್ಟೆಯೊಳಗೆ ಹರಿಸುವ ಷಂಟ್ ನಳಿಕೆಯನ್ನು ಅಳವಡಿಸುತ್ತಾರೆ. ಮನೆಗೆ ಕಳುಹಿಸುವ ಮುನ್ನ ಷಂಟ್ ಕಟ್ಟಿಕೊಂಡಾಗ ಕಾಣುವ ಲಕ್ಷಣಗಳು, ಸ್ಪರ್ಶಜ್ಞಾನವಿಲ್ಲದ ಕಾಲುಗಳಿಗೆ ಹುಣ್ಣಾಗದಂತೆ ವಹಿಸಬೇಕಾದ ಎಚ್ಚರ ಹಾಗೂ ಅಗತ್ಯವಿದ್ದಲ್ಲಿ ನಿಯತವಾಗಿ ನಳಿಕೆಯಿಂದ ಮೂತ್ರ ತೆಗೆಯುವ ವಿಧಾನವನ್ನು ಪೋಷಕರಿಗೆ ಕಲಿಸಲಾಗುತ್ತದೆ. ಮೂತ್ರ ನಿಂತುಹೋಗದಂತೆ ನೋಡಿಕೊಳ್ಳುವುದರಿಂದ ಮೂತ್ರಪಿಂಡಗಳು ಉಳಿಯುತ್ತವೆ.

ಕಾರವಾರ ಮತ್ತು ಅಂಕೋಲಾ ಪ್ರದೇಶದಲ್ಲಿ

ಕಾರವಾರದ ಜಿಲ್ಲಾ ಆಸ್ಪತ್ರೆಯು ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯಾಗಿದೆ. ಜಿಲ್ಲೆಗೆ ಬಹುವಿಶೇಷತಾ ಆಸ್ಪತ್ರೆ ಬೇಕೆಂದು ಸಾರ್ವಜನಿಕರು ಹಲವು ವರ್ಷಗಳಿಂದ ಆಗ್ರಹಿಸುತ್ತ ಬಂದಿದ್ದಾರೆ. ಗಂಭೀರ ಸ್ಥಿತಿಯ ರೋಗಿಗಳನ್ನು ಸಾಮಾನ್ಯವಾಗಿ ಗೋವಾದ ಬಾಂಬೋಳಿ, ಹುಬ್ಬಳ್ಳಿ, ಮಣಿಪಾಲ ಅಥವಾ ಮಂಗಳೂರಿಗೆ ಒಯ್ಯಲಾಗುತ್ತದೆ. ಕಾರವಾರದಿಂದ ಬಾಂಬೋಳಿ ಸುಮಾರು 90 ಕಿ.ಮೀ., ಹುಬ್ಬಳ್ಳಿ ಸುಮಾರು 165 ಕಿ.ಮೀ. ದೂರದಲ್ಲಿವೆ. ಅಂಕೋಲಾದಿಂದ ಹುಬ್ಬಳ್ಳಿಗೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೂಲಕ ಸಾಗಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಕುಮಟಾದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಮುಚ್ಚಿತ್ತು. ಮಳೆಗಾಲದಲ್ಲಿ ದಾರಿಯ ಸ್ಥಿತಿಯೂ ಚಿಕಿತ್ಸೆಯ ಸಮಯವನ್ನು ನಿರ್ಧರಿಸುತ್ತದೆ.

ಇಂತಹ ಪ್ರಯಾಣದಲ್ಲಿ ಶಿಶು ಹೊಟ್ಟೆಯ ಮೇಲೆ ಅಥವಾ ಮಗ್ಗುಲಿಗೆ ಮಲಗಿಯೇ ಇರಬೇಕು. ಒದ್ದೆ ಪಟ್ಟಿ, ಹೆಚ್ಚುವರಿ ಸಲೈನ್, ಆಮ್ಲಜನಕ ಹಾಗೂ ಬೆಚ್ಚಗಿಡುವ ವ್ಯವಸ್ಥೆ ವಾಹನದಲ್ಲಿರಬೇಕು. ಜನನದ ಸಮಯ, ತಲೆಯ ಸುತ್ತಳತೆ, ಕಾಲುಗಳ ಚಲನೆ ಮತ್ತು ನೀಡಿದ ಔಷಧಗಳ ವಿವರವುಳ್ಳ ಪತ್ರವನ್ನು ಜೊತೆಗೆ ಕಳುಹಿಸಿ, ಸೇರಿಸಿಕೊಳ್ಳುವ ಆಸ್ಪತ್ರೆಗೆ ಮುಂಚಿತವಾಗಿ ದೂರವಾಣಿಯಲ್ಲಿ ತಿಳಿಸಬೇಕು. ಗರ್ಭಾವಸ್ಥೆಯ 18ರಿಂದ 20ನೇ ವಾರದ ಸ್ಕ್ಯಾನಿಂಗ್‌ನಲ್ಲಿ ದೋಷ ಪತ್ತೆಯಾದರೆ, ನರಶಸ್ತ್ರಚಿಕಿತ್ಸೆ ಇರುವ ಊರಿನಲ್ಲೇ ಹೆರಿಗೆಯನ್ನು ಯೋಜಿಸಿ ಈ ಪ್ರಯಾಣವನ್ನು ತಪ್ಪಿಸಬಹುದು.

ತಡೆಗಟ್ಟುವಿಕೆ

1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ, ಹಿಂದೆ ಇಂತಹ ಗರ್ಭ ಧರಿಸಿದ್ದ ಮಹಿಳೆಯರು ದಿನಕ್ಕೆ 4 ಮಿ.ಗ್ರಾಂ. ಫೋಲಿಕ್ ಆಮ್ಲ ಸೇವಿಸಿದಾಗ ದೋಷ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು. ಇತರ ಮಹಿಳೆಯರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸೂಚಿಸಲಾಗುತ್ತದೆ. ಗರ್ಭಿಣಿ ಎಂದು ತಿಳಿಯುವ ವೇಳೆಗೆ ನರನಾಳ ಮುಚ್ಚುವ ಅವಧಿ ಬಹುಮಟ್ಟಿಗೆ ಕಳೆದಿರುವುದರಿಂದ, ಮಾತ್ರೆಯನ್ನು ಗರ್ಭಧಾರಣೆಗೆ ಮೊದಲೇ ಆರಂಭಿಸಬೇಕು. ಮಧುಮೇಹವಿರುವ ಮಹಿಳೆಯರು ಅದೇ ಹಂತದಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಗೆ ತಂದುಕೊಳ್ಳುವುದು ಅಗತ್ಯ.